ತಾತನ ಹೆಸರಿಗೆ ನನ್ನ ಹೆಬ್ಬೆಟ್ಟು

"...ಅದಲ್ಲ ಕಣೇ, ಕೇಳಿಲ್ಲಿ! ನಮ್ಮಜ್ಜಿ ನಾಕು ದಿನದಿಂದ ತಾತನ ಹೆಸರಿಗೆ ನನ್ನ ಹೆಬ್ಬೆಟ್ಟು ಒತ್ತುಸ್ತಾವ್ಳೆ!"

ಫೋನಿನ ಆ ಕಡೆ ಚೈತ್ರ ಚಕ್ಕುಲಿ ಅಗಿಯುವುದನ್ನು ನಿಲ್ಲಿಸಿದಳು.

"ಆಸ್ತಿ ಬರುಸ್ಕತಾವ್ಳಾ? ಎಷ್ಟ್ ಎಕ್ರೆ?"

"ಆಸ್ತಿ ಅಲ್ಲ ಕಣೇ ಲೂಸು. ಆಕ್ಸಿಜನ್ನು!"

"ಆಕ್ಸಿಜನ್ ಎಂಗೇ ಬರುಸ್ಕತಾರೆ?"

"ಮೆತ್ತಗ್ ಮಾತಾಡು. ಅಜ್ಜಿ ನಡುಮನೇಲವ್ಳೆ."

ನಾನು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಎದುರಿಗೆ ನಮ್ಮನೆ ಕೋಳಿ ನಿಂತು ನನ್ನನ್ನೇ ನೋಡುತ್ತಿತ್ತು. ಅದೂ ಅಜ್ಜಿಯ ಕಡೆಯದೇ ಇರಬೇಕು ಅನ್ನಿಸಿ ಇನ್ನೂ ಪಿಸುಮಾತಿಗೆ ಇಳಿದೆ.

"ಬೆಳಿಗ್ಗೆ ಸಂಜೆ ನರ್ಸಮ್ಮ ಫೋನ್ ಮಾಡಿ ಮೂರು ಜನದ್ದೂ ಆಕ್ಸಿಜನ್ ಎಷ್ಟು ಅಂತ ಕೇಳ್ತಾರಲ್ಲ? ಅಜ್ಜಿ ತನ್ನದು ಹೇಳ್ತಾಳೆ. ನಂದು ಹೇಳ್ತಾಳೆ. ತಾತನ ಸರದಿ ಬಂದಾಗ ಕ್ಲಿಪ್ಪು ತಂದು ಮತ್ತೆ ನನ್ ಬೆರಳಿಗೇ ಸಿಗಿಸ್ತಾಳೆ. ತೊಂಬತ್ತೊಂಬತ್ತು! ಎಪ್ಪತ್ನಾಕು ವರ್ಷದ, ಬೀಡಿ ಸೇದೋ ತಾತಂಗೆ ತೊಂಬತ್ತೊಂಬತ್ತು!"

ಚೈತ್ರ ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ಕಾಲೇಜಿನಲ್ಲಿ ಕೊನೆಯ ಬೆಂಚಿನಲ್ಲಿ ಕೂತಾಗ ಹೇಗೋ ಹಾಗೆ, ಬಾಯಿಗೆ ದುಪಟ್ಟಾ ತುರುಕಿಕೊಂಡು. ಆಮೇಲೆ ಅವಳು ಕೇಳಿದಳು.

"ಮತ್ತೆ ತಾತಂದು ನಿಜ್ವಾಗ್ಲೂ ಎಷ್ಟದೆ?"

"ಅದೇ ಗೊತ್ತಿಲ್ಲ ಕಣೇ."

ಹೀಗೆ ಬಾಯಿಬಿಟ್ಟು ಹೇಳಿದ್ದೇ ತಡ, ನಗು ನಿಂತುಹೋಯಿತು. "ಮಧ್ಯಾಹ್ನ ತಾತ ಅರ್ಧ ಮುದ್ದೆ ಬುಟ್ಟವ್ರೆ, ಚೈತ್ರ."

ಆ ಕಡೆ ಚಕ್ಕುಲಿ ಡಬ್ಬದ ಮುಚ್ಚಳ ಹಾಕಿದ ಸದ್ದು ಕೇಳಿತು. "ಅರ್ಧ ಮುದ್ದೆ?"

"ಅರ್ಧ. ಅದೂ ಉಪ್ಸಾರಿಗೆ."

"ಇವತ್ತೇ ನರ್ಸಮ್ಮಂಗೆ ಯೋಳ್ಬುಡೇ."

"ಯೋಳುದ್ರೆ ಆಂಬುಲೆನ್ಸ್ ಬತ್ತದೆ. ಅಜ್ಜಿ ನನ್ನ ಹೂತಾಕ್ಬುಡ್ತಾಳೆ."

"ಯೋಳ್ದೆ ಇದ್ರೆ?"

ನಾನು ಕೋಳಿಯ ಮುಖ ನೋಡಿದೆ. ಅದು ಮುಖ ತಿರುಗಿಸಿಕೊಂಡು ಹೋಯಿತು.

ಮೊದಲಿನಿಂದ ಹೇಳಬೇಕೆಂದರೆ ತಪ್ಪು ನನ್ನದೇ. ಸಂಕ್ರಾಂತಿ ಕಳೆದ ವಾರ ನಮ್ಮ ಕ್ಲಾಸಿನ ಮೇಘನಳ ಹುಟ್ಟುಹಬ್ಬ ಬಂತು. ಪಾಂಡವಪುರದ ಬೇಕರಿಯಲ್ಲಿ ಅರ್ಧ ಕೆಜಿ ಕೇಕು ತಂದೆವು. ಬೇಕರಿಯವನು ಕೊಟ್ಟದ್ದು ಒಂದೇ ಒಂದು ಪ್ಲಾಸ್ಟಿಕ್ ಚಾಕು. ಮೂರನೇ ಅಲೆ, ಮೂರನೇ ಅಲೆ ಅಂತ ಟಿವಿಯವರು ಬಡಿದುಕೊಳ್ಳುತ್ತಿದ್ದರೂ ಆರು ಹುಡುಗಿಯರು ಅದೇ ಚಾಕುವನ್ನು ಸರದಿಯ ಮೇಲೆ ನೆಕ್ಕಿದೆವು. ಮೂರು ದಿನಕ್ಕೆ ಮಾಕವಳ್ಳಿಯಲ್ಲಿ ಚೈತ್ರ ಮಲಗಿದಳು, ಕ್ಯಾತನಹಳ್ಳಿಯಲ್ಲಿ ನಾನು ಮಲಗಿದೆ. ಅವಳಿಗೂ ನನಗೂ ಎರಡೇ ದಿನದ ಜ್ವರ. ಆದರೆ ನಾನು ಎದ್ದು ಕೂರುವಷ್ಟರಲ್ಲಿ ನಮ್ಮಜ್ಜಿ ಬೆಟ್ಟಮ್ಮನಿಗೂ ತಾತ ನರಸಯ್ಯನವರಿಗೂ ಗಂಟಲು ಕೆರೆತ ಶುರುವಾಗಿತ್ತು.

ಮನೆಯವರಿಗೆಲ್ಲ ಟೆಸ್ಟ್ ಆಯಿತು. ನಮ್ಮ ಮೂವರಿಗೂ ಪಾಸಿಟಿವ್. ಅಪ್ಪ ಅಮ್ಮ ಇಬ್ಬರಿಗೂ ನೆಗೆಟಿವ್. ಅವರಿಬ್ಬರೂ ಚಾಪೆ, ಎರಡು ಪಾತ್ರೆ, ಹಸು ಸಮೇತ ಕಬ್ಬಿನ ಗದ್ದೆಯ ಪಂಪ್‌ಸೆಟ್ ಮನೆಗೆ ಹೋದರು. ಹೊತ್ತು ಹೊತ್ತಿಗೆ ಅಪ್ಪ ಬಂದು ಅಡುಗೆಯ ಕ್ಯಾರಿಯರ್ ಅನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು ಕೂಗುತ್ತಿದ್ದರು. "ಅವ್ವಾ, ಎಂಗಿದ್ದೀರಿ?" ಅಜ್ಜಿ ಒಳಗಿನಿಂದಲೇ "ಚೆಂದಾಗಿದ್ದೀವಿ ಕಣ್ಲಾ ನಿಂಗರಾಜ, ಉಪ್ಪು ಕಮ್ಮಿ ಆಕವ್ಳೆ ನಿನ್ನೆಂಡ್ತಿ" ಅನ್ನುತ್ತಿದ್ದಳು.

ಊರಿನ ಆಶಾ ಕಾರ್ಯಕರ್ತೆ ಅಕ್ಕ ಗೇಟಿಗೆ ಒಂದು ಕವರ್ ನೇತುಹಾಕಿ ಹೋದರು. ಮಾತ್ರೆ, ಒಂದು ಚೀಟಿ, ಬೆರಳಿಗೆ ಸಿಗಿಸುವ ಕ್ಲಿಪ್ಪು. ಚೀಟಿಯಲ್ಲಿ ಬರೆದಿತ್ತು: ದಿನಕ್ಕೆ ಎರಡು ಸಲ ನರ್ಸ್ ಫೋನ್ ಮಾಡುತ್ತಾರೆ, ಆಕ್ಸಿಜನ್ ಎಷ್ಟಿದೆ ಎಂದು ಹೇಳಿ, ತೊಂಬತ್ತಮೂರಕ್ಕಿಂತ ಕೆಳಗಿಳಿದರೆ ತಕ್ಷಣ ತಿಳಿಸಿ.

ಮೊದಲ ಫೋನು ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಅಜ್ಜಿ ನನ್ನ ಫೋನನ್ನು ಕಿತ್ತುಕೊಂಡು ಸ್ಪೀಕರ್ ಹಾಕಿಸಿದಳು.

"ನಮಸ್ಕಾರ, ನಾನು ತಾಲೂಕು ಆಸ್ಪತ್ರೆಯಿಂದ ನರ್ಸ್ ಪ್ರಮೀಳಾ ಮಾತಾಡ್ತಾ ಇರೋದು. ನಿಮ್ಮನೇಲಿ ಮೂರು ಜನ..." ಅಷ್ಟರಲ್ಲಿ ಅವರಿಗೇ ಕೆಮ್ಮು ಬಂತು. ಎಂಥ ಕೆಮ್ಮು! ಅದರ ಹಿಂದೆಯೇ ಕುಕ್ಕರ್ ಕೂಗಿತು.

"ಆಸ್ಪತ್ರೇಲಿ ಕುಕ್ಕರ್ ಮಡಗವ್ರಾ?" ಎಂದಳು ಅಜ್ಜಿ.

"ಇಲ್ಲ ಅಜ್ಜಿ... ನಂಗೂ ಪಾಸಿಟಿವ್ ಬಂದಿದೆ. ಶ್ರೀರಂಗಪಟ್ಟಣದಲ್ಲಿ ನಮ್ಮ ರೂಮಿಂದಾನೇ ಫೋನ್ ಮಾಡ್ತಾ ಇದೀನಿ."

"ಅಯ್ಯೋ ಸಿವನೇ! ಜೊತೇಲಿ ಯಾರವ್ರೆ?"

"ಯಾರೂ ಇಲ್ಲ ಅಜ್ಜಿ. ನಮ್ಮೂರು ನಾಗಮಂಗಲದ ಹತ್ರ. ಈಗ ನಿಮ್ಮದು ಆಕ್ಸಿಜನ್ ಎಷ್ಟು..."

"ನಮ್ದು ಆಮ್ಯಾಲ್ ಆಗ್ಲಿ. ಮೊದ್ಲು ನಿಂದೆಷ್ಟದೆ, ಅದ ಯೋಳು."

ಅವರ ಪಟ್ಟಿಯಲ್ಲಿ ಅರವತ್ತು ಮನೆಗಳಿದ್ದವಂತೆ. ಅಷ್ಟೂ ಮನೆಯವರು ಮಾತ್ರೆ ಬಗ್ಗೆ ಕೇಳಿದ್ದಾರೆ, ಮೀನು ತಿನ್ನಬಹುದಾ ಅಂತ ಕೇಳಿದ್ದಾರೆ, ಸ್ನಾನ ಮಾಡಬಹುದಾ ಅಂತ ಕೇಳಿದ್ದಾರೆ. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ.

"ತೊಂಬತ್ತೇಳು," ಎಂದರು ಮೆಲ್ಲಗೆ.

"ಅಂಗಾರೆ ಪರ್ವಾಗಿಲ್ಲ. ಮೆಣಸು ಜೀರ್ಗೆ ಕುಟ್ಟಿ ಕಷಾಯ ಕಾಯ್ಸ್ಕ. ಮಗ ಅರ್ಪಿತ, ಆ ಕ್ಲಿಪ್ಪ ತತ್ತಾ."

ಅಜ್ಜಿಯದು ತೊಂಬತ್ತಾರು. ನನ್ನದು ತೊಂಬತ್ತೊಂಬತ್ತು. ಆಮೇಲೆ ತಾತ.

ತಾತನಿಗೆ ಯಾರೂ ಹೇಳಿಕೊಡಬೇಕಾಗಿಯೇ ಇರಲಿಲ್ಲ. ಬಲಗೈ ಹೆಬ್ಬೆಟ್ಟನ್ನು ಪಂಚೆಗೆ ಎರಡು ಸಲ ಉಜ್ಜಿ, ಉಗುಳು ಹಚ್ಚಿ, ಮತ್ತೆ ಉಜ್ಜಿ, ಮುಂದೆ ಚಾಚಿದರು. ಪಿಂಚಣಿಗೆ ಹೆಬ್ಬೆಟ್ಟು, ಬ್ಯಾಂಕಿಗೆ ಹೆಬ್ಬೆಟ್ಟು, ಪಹಣಿಗೆ ಹೆಬ್ಬೆಟ್ಟು. ಸರ್ಕಾರದ ಮಿಷಿನ್ನು ಮನೆಗೆ ಬಂದರೆ ಇನ್ಯಾವುದನ್ನು ಕೊಡುತ್ತಾರೆ? ನಾನು ಕ್ಲಿಪ್ಪು ಸಿಗಿಸಿದೆ. ಅದು ಪೂರ್ತಿ ಮುಚ್ಚಲೇ ಇಲ್ಲ. ಮೊಸಳೆ ಬಾಯಿ ತೆರೆದ ಹಾಗೆ ನಿಂತುಕೊಂಡಿತು. ಮೊದಲು ಎರಡು ಗೀಟು ಬಂತು. ಆಮೇಲೆ ಎಂಬತ್ತೊಂದು. ಮತ್ತೆ ಗೀಟು. ಮತ್ತೆ ಎಪ್ಪತ್ತೆಂಟು.

ನಾನು ಕಿಟಾರನೆ ಕಿರುಚಬೇಕೆಂದು ಬಾಯಿ ತೆರೆದೆ. ಅಜ್ಜಿ ಸೆರಗಿನಿಂದ ನನ್ನ ಬಾಯಿ ಮುಚ್ಚಿ, ಫೋನಿಗೆ ಕೇಳದ ಹಾಗೆ ಕಿವಿಯಲ್ಲಿ ಪಿಸುಗುಟ್ಟಿದಳು.

"ಸುಮ್ಕಿರು. ರೇಷನ್ ಅಂಗ್ಡಿ ಮಿಷಿನ್ನೂ ಇವ್ರ ಹೆಬ್ಬೆಟ್ಟ ತಗಳಾಕಿಲ್ಲ. ಅದೂ ಇಂಗೇ ಆಡ್ತದೆ."

ಅದು ನಿಜ. ತಾತ ನಲವತ್ತು ವರ್ಷ ಆಲೆಮನೆಯಲ್ಲಿ ಬೆಲ್ಲದ ಕೆಲಸ ಮಾಡಿದವರು. ಬಿಸಿ ಬೆಲ್ಲವನ್ನು ಅಚ್ಚಿಗೆ ಒತ್ತಿ ಒತ್ತಿ ಹೆಬ್ಬೆಟ್ಟಿನ ಗೆರೆಯೆಲ್ಲ ಸವೆದು, ಮೇಲೆ ದಪ್ಪ ಜಡ್ಡು ಕಟ್ಟಿದೆ. ರೇಷನ್ ಅಂಗಡಿಯಲ್ಲಿ ಅವರು ಹತ್ತು ಸಲ ಒತ್ತಿದರೂ ಮಿಷಿನ್ನು ಕೆಂಪು ದೀಪ ಹಾಕಿ ಕಿರ್ ಅನ್ನುತ್ತದೆ. ಆಗ ಅಜ್ಜಿ ಅವರನ್ನು ಪಕ್ಕಕ್ಕೆ ಸರಿಸಿ ತನ್ನ ಹೆಬ್ಬೆಟ್ಟು ಒತ್ತುತ್ತಾಳೆ. ಕಾರ್ಡಿನಲ್ಲಿ ಹೆಸರಿರುವ ಯಾರಾದರೊಬ್ಬರು ಒತ್ತಿದರೆ ಮನೆಮಂದಿಗೆಲ್ಲ ಅಕ್ಕಿ ಸಿಗುತ್ತದೆ. ಅಜ್ಜಿ ಹೋಗದಿದ್ದ ದಿನ ನಾನು ಒತ್ತಿದ್ದೇನೆ. ಅದರಲ್ಲಿ ಮೋಸ ಎಲ್ಲಿದೆ?

ಅಜ್ಜಿ ತಾತನ ಹೆಬ್ಬೆಟ್ಟಿನಿಂದ ಕ್ಲಿಪ್ಪು ಬಿಚ್ಚಿ ನನ್ನ ಬೆರಳಿಗೆ ಸಿಗಿಸಿದಳು. ತೊಂಬತ್ತೊಂಬತ್ತು.

"ನೋಡು, ತಗತ್ತು! ನರ್ಸಮ್ಮ, ಬರ್ಕ. ನರಸಯ್ಯ, ತೊಂಬತ್ತೊಂಬತ್ತು."

ನಾನು ಬಿಎಸ್ಸಿ ಎರಡನೇ ವರ್ಷ. ವಿಜ್ಞಾನದ ವಿದ್ಯಾರ್ಥಿನಿ. ಆ ಹೊತ್ತಿಗೆ ನನಗೂ ಅದು ಸರಿ ಅನ್ನಿಸಿತು. ಎಂಬತ್ತೊಂದು ನೋಡಿ ಎದೆ ಒಡೆದುಹೋಗಿದ್ದವಳಿಗೆ ತೊಂಬತ್ತೊಂಬತ್ತು ಕಂಡರೆ ಯಾರ ಬೆರಳು ಅಂತ ಯಾರು ಕೇಳುತ್ತಾರೆ?

ಎರಡನೇ ದಿನ ರಾಗಿ ಗಂಜಿ ಕುಡಿಯುವಾಗ ಬುದ್ಧಿ ಬಂತು. "ಅಜ್ಜಿ, ಅಕ್ಕಿ ಬ್ಯಾರೆ, ಉಸಿರು ಬ್ಯಾರೆ. ನರ್ಸಮ್ಮಂಗೆ ನಿಜ ಯೋಳ್ಬುಡಮ" ಎಂದೆ. ಅಜ್ಜಿ ತಾತ ಮಲಗಿದ್ದ ಕೋಣೆಯ ಬಾಗಿಲು ಎಳೆದುಕೊಂಡು ನನ್ನನ್ನು ಒಲೆಯ ಹತ್ತಿರ ಕರೆದುಕೊಂಡು ಹೋದಳು.

"ನಮ್ ಬೀದಿ ಕುಳ್ಳಯ್ಯನ್ನ ಹೋದ್ಸತಿ ಕರ್ಕಂಡೋದ್ರಲ್ಲ, ಗ್ಯಾಪ್ಕ ಅದಾ?"

"ಅದೆ. ಹನ್ನೊಂದು ದಿನಕ್ಕೆ ಬಂದ್ರು. ಮೂರು ಕೆಜಿ ದಪ್ಪ ಆಗಿದ್ರು. ಮೊಟ್ಟೆ ಕೊಡ್ತಿದ್ರಂತೆ."

"ಬಂದಿದ್ದು ಎಲ್ರೂ ಯೋಳ್ತಾರೆ. ಮೊದಲ್ನೇ ಮೂರ್ ದಿನ ಅವ್ನು ಎಲ್ಲವ್ನೆ ಅಂತ ಯಾರ್ಗೂ ಗೊತ್ತಿರ್ನಿಲ್ಲ ಮಗ. ಈ ಆಸ್ಪತ್ರೇಲಿ ಜಾಗ ಇಲ್ಲ ಅಂತ ಆ ಆಸ್ಪತ್ರೆಗೆ ಕಳ್ಸುದ್ರಂತೆ. ಫೋನ್ ಚಾರ್ಜು ಓಗಿತ್ತಂತೆ. ಅವ್ನೆಂಡ್ತಿ ಮೂರ್ ದಿನ ಜಗಲಿ ಮ್ಯಾಲೇ ಕುಂತಿದ್ಲು, ಒಂದ್ ತೊಟ್ಟು ನೀರು ಕುಡೀನಿಲ್ಲ. ನಾನೇ ನೋಡಿವ್ನಿ."

ಒಲೆಯಲ್ಲಿ ಬೆಂಕಿ ಇರಲಿಲ್ಲ. ಆದರೂ ಅಜ್ಜಿ ಊದುಗೊಳವೆ ಹಿಡಿದು ಒಂದು ಸಲ ಊದಿದಳು.

"ಇವ್ರಿಗೆ ಫೋನ್ ಒತ್ತಕ್ಕೆ ಬರಾಕಿಲ್ಲ. ಓದಕ್ಕೆ ಬರಾಕಿಲ್ಲ. ಎಲ್ಲಿಗ್ ಕರ್ಕಂಡೋದ್ರು ಅಂತ ಇವ್ರಿಗೇ ಗೊತ್ತಾಗಾಕಿಲ್ಲ, ಇನ್ ನಂಗೆ ಯಾರ್ ಯೋಳಾರು? ನನ್ನ ಜೊತೇಲಿ ಬುಡ್ತಾರಾ? ಬುಡಾಕಿಲ್ಲ. ಸುಮ್ನೆ ನಿನ್ ಬೆಟ್ಟು ಕೊಡು."

ಕೊಟ್ಟೆ. ಮತ್ತೆ ಕೊಟ್ಟೆ. ದಿನಕ್ಕೆ ಎರಡು ಸಲ, ನನ್ನ ಹೆಸರಿಗೊಮ್ಮೆ, ತಾತನ ಹೆಸರಿಗೊಮ್ಮೆ.

ಈ ನಡುವೆ ಅಜ್ಜಿಗೂ ನರ್ಸಮ್ಮನಿಗೂ ಯಾವ ಮಟ್ಟದ ಸ್ನೇಹ ಬೆಳೆಯಿತೆಂದರೆ, ಅವರು ಎರಡು ಸಲ ಫೋನ್ ಮಾಡಿದರೆ ಇವಳು ಮೂರನೇ ಸಲ ತಾನೇ ಮಾಡಿಸುತ್ತಿದ್ದಳು. "ಕಷಾಯ ಕುಡುದ್ಯಾ? ಎಷ್ಟ್ ಲೋಟ? ಈಗ ಒಂದ್ಸತಿ ಕೆಮ್ಮು, ಕೇಳಮ." ನರ್ಸಮ್ಮ ಕೆಮ್ಮುತ್ತಿದ್ದರು. ಅಜ್ಜಿ ತಲೆ ಓರೆ ಮಾಡಿ ಕೇಳಿಸಿಕೊಂಡು "ನಿನ್ನೆಗಿಂತ ಒಸಿ ಪಸಂದಾಗದೆ" ಎಂದು ತೀರ್ಪು ಕೊಡುತ್ತಿದ್ದಳು. ಮೂರನೇ ದಿನವಂತೂ ನರ್ಸಮ್ಮನ ಮನೆ ಓನರ್ ಕಳಿಸಿದ್ದ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿದ್ದು ತಪ್ಪು ಅಂತ ಹತ್ತು ನಿಮಿಷ ಬೈದಳು. ನರ್ಸಮ್ಮನಿಗೂ ಅದು ಹಿತವಾಗಿತ್ತೇನೋ. ಅವರ ಆಸ್ಪತ್ರೆ ಕನ್ನಡ ದಿನದಿಂದ ದಿನಕ್ಕೆ ನಾಗಮಂಗಲದ ಕಡೆಗೆ ತಿರುಗುತ್ತಿತ್ತು. ಇಷ್ಟೊಂದು ಪ್ರೀತಿಯಿಂದ ಮಾತಾಡುವವರಿಗೆ ಸುಳ್ಳು ಲೆಕ್ಕ ಕೊಡುವುದು ಹೇಗಿರುತ್ತದೆ ಅಂತ ನನ್ನನ್ನು ಕೇಳಿ.

ನಾಲ್ಕನೇ ದಿನ ಮಧ್ಯಾಹ್ನ ತಾತ ಅರ್ಧ ಮುದ್ದೆ ಬಿಟ್ಟರು.

ನಮ್ಮ ತಾತ ಮುದ್ದೆ ಬಿಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನವೂ ಬಿಟ್ಟಿರಲಿಲ್ಲ. ತಟ್ಟೆಯಲ್ಲಿ ಅರ್ಧ ಚಂದ್ರನ ಹಾಗೆ ಕೂತಿದ್ದ ಮುದ್ದೆಯನ್ನು ಅಜ್ಜಿ ನೋಡಿದಳು, ನಾನು ನೋಡಿದೆ. ಅಜ್ಜಿ ತಟ್ಟೆ ತೊಳೆಯಲು ಹೋದಾಗ ನಾನು ಕ್ಲಿಪ್ಪು ತೆಗೆದುಕೊಂಡು ತಾತನ ಹೆಬ್ಬೆಟ್ಟಿಗೆ ಸಿಗಿಸಿದೆ. ಗೀಟು. ಎಂಬತ್ತಾರು. ಗೀಟು. ತಾತ ಕಣ್ಣು ಬಿಟ್ಟು "ಅಕ್ಕಿ ಬಂತಾ ಮಗ?" ಎಂದರು. ನಾನು ಹಿತ್ತಲಿಗೆ ಓಡಿ ಚೈತ್ರಳಿಗೆ ಫೋನ್ ಮಾಡಿದೆ. ಆ ಮಾತುಕತೆಯನ್ನು ಮೊದಲೇ ಹೇಳಿದ್ದೇನೆ.

ಸಂಜೆ ಐದಕ್ಕೆ ಸರಿಯಾಗಿ ನರ್ಸಮ್ಮನ ಫೋನು ಬಂತು. ಎಂದಿನಂತೆ ಕ್ಲಿಪ್ಪಿನ ಮೇಲಿನ ಆಕ್ಸಿಜನ್ನೂ ಕೆಳಗಿನ ಪಲ್ಸೂ ಅಜ್ಜಿಯೇ ಓದಿ ಹೇಳಿದಳು. ಅಜ್ಜಿಯದು ತೊಂಬತ್ತೇಳು. ನನ್ನದು ತೊಂಬತ್ತೊಂಬತ್ತು.

"ಅರ್ಪಿತ, ಪಲ್ಸ್ ಯಾಕೆ ನೂರಿಪ್ಪತ್ತು? ಓಡ್ಕಂಡ್ ಬಂದ್ಯಾ?"

"ಇಲ್ಲ ಸಿಸ್ಟರ್, ಇಂಗೇ..."

"ಸರಿ. ತಾತಂದು?"

ಅಜ್ಜಿ ನನ್ನ ಬೆರಳಿನಿಂದ ಕ್ಲಿಪ್ಪು ತೆಗೆಯುವ ಗೋಜಿಗೂ ಹೋಗಲಿಲ್ಲ. "ತೊಂಬತ್ತೊಂಬತ್ತು ಕಣವ್ವ. ಕೆಳಗಡೆ ನೂರಿಪ್ಪತ್ತೆರಡು."

ಆ ಕಡೆ ಪುಸ್ತಕದ ಹಾಳೆ ತಿರುವಿದ ಸದ್ದು ಬಂತು.

"ಅಜ್ಜಿ, ತಾತಂಗೂ ಮೊಮ್ಮಗಳಿಗೂ ನಾಕು ದಿನದಿಂದ ಆಕ್ಸಿಜನ್ನೂ ಒಂದೇ, ಪಲ್ಸೂ ಹೆಚ್ಚುಕಮ್ಮಿ ಒಂದೇ. ಅವಳ ಎದೆ ಹೊಡ್ಕಂಡ್ರೆ ಇವರ ಎದೇನೂ ಹೊಡ್ಕತಾ ಅದೆ. ವಿಡಿಯೋ ಕಾಲ್ ಮಾಡ್ತೀನಿ. ತಾತನ ಕೈ ತೋರಿಸ್ಬೇಕು."

ಫೋನು ಕಟ್ಟಾಯಿತು. ಅಜ್ಜಿ ನನ್ನ ಮುಖ ನೋಡಿದಳು.

"ಕಂಬಳಿ ಒಳೀಕೆ ನುಗ್ಗು!"

"ಅಜ್ಜೀ!"

"ನುಗ್ಗು ಅಂದ್ರೆ ನುಗ್ಗು!"

ಈಗ ಯೋಚಿಸಿದರೆ ನಾನು ಯಾಕೆ ನುಗ್ಗಿದೆ ಅಂತ ನನಗೇ ಗೊತ್ತಾಗುವುದಿಲ್ಲ. ತಾತ ಗೋಡೆಗೆ ಒರಗಿ ಕಂಬಳಿ ಹೊದ್ದು ಕೂತಿದ್ದರು. ನಾನು ಅವರ ಬೆನ್ನ ಹಿಂದೆ ತೂರಿಕೊಂಡು, ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು, ಅವರ ಪಕ್ಕೆಯ ಬಳಿಯಿಂದ ಬಲಗೈಯನ್ನು ಹೊರಗೆ ಚಾಚಿದೆ.

"ನನ್ ಕೈಯ ಎಲ್ ಮಡಗ್ಲಮ್ಮೀ?" ಎಂದರು ತಾತ.

"ಒಳಗೇ ಮಡಿಕ್ಕಳಿ. ಮಾತಾಡ್ಬ್ಯಾಡಿ," ಎಂದಳು ಅಜ್ಜಿ.

ಫೋನು ಮತ್ತೆ ಹೊಡೆದುಕೊಂಡಿತು. ಕಂಬಳಿಯ ತೂತಿನಿಂದ ನನಗೆ ಪರದೆ ಸ್ವಲ್ಪ ಸ್ವಲ್ಪ ಕಾಣುತ್ತಿತ್ತು. ನಾಲ್ಕು ದಿನದಿಂದ ದನಿ ಮಾತ್ರ ಕೇಳಿದ್ದ ನರ್ಸಮ್ಮನ ಮುಖ ಮೊದಲ ಸಲ ನೋಡಿದೆ. ದುಂಡು ಮುಖ, ಕೆಂಪು ಮೂಗು, ತಲೆಗೆ ಮಫ್ಲರ್.

"ಅಯ್ಯೋ ಎಷ್ಟ್ ಸೊರಗೀಯ ಮಗ," ಎಂದಳು ಅಜ್ಜಿ.

"ಅಜ್ಜಿ, ನನ್ನಲ್ಲ, ತಾತನ್ನ ತೋರ್ಸಿ. ಹಾಂ. ತಾತ, ನಮಸ್ಕಾರ. ಕೈ ತೋರ್ಸಿ. ಬೆರಳು ಹತ್ರ ತನ್ನಿ."

ನಾನು ಕೈಯನ್ನು ಫೋನಿನ ಕಡೆಗೆ ಚಾಚಿದೆ. ಒಂದು ಕ್ಷಣ ಎಲ್ಲ ಸರಿಹೋಯಿತು ಅಂದುಕೊಂಡೆ.

"ಅಜ್ಜಿ," ಎಂದರು ನರ್ಸಮ್ಮ ಬಹಳ ನಿಧಾನವಾಗಿ, "ನಿಮ್ಮೆಜಮಾನ್ರು ಉಗುರಿಗೆ ಬಣ್ಣ ಹಾಕ್ತಾರಾ?"

ನೇರಳೆ ಬಣ್ಣ. ಮೇಲೆ ಮಿಂಚಿನ ಪುಡಿ. ಮೇಘನಳ ಹುಟ್ಟುಹಬ್ಬಕ್ಕೆ ಅಂತ ಹಚ್ಚಿಕೊಂಡದ್ದು.

ಅಜ್ಜಿ ರೆಪ್ಪೆ ಕೂಡ ಬಡಿಯಲಿಲ್ಲ. "ಮದ್ವೆಗೆ ಓಗಿದ್ರು ಕಣವ್ವ."

"ಮದ್ವೆಗೆ?"

"ಯಂಗ್ ಯಂಗೆಲ್ಲ ಮದ್ವೆ ಮಾಡ್ತಾರೆ ಈಗ್ನೋರು. ಬಂದೋರ್ಗೆಲ್ಲ ಹಚ್ಬುಟ್ರು."

ಆಗಲೇ ತಾತನಿಗೆ ಕೆಮ್ಮು ಬಂತು. ಕೆಮ್ಮುವಾಗ ಬಾಯಿಗೆ ಕೈ ಅಡ್ಡ ಹಿಡಿಯಬೇಕು ಅಂತ ನರ್ಸಮ್ಮನೇ ಮೊದಲ ದಿನ ಹೇಳಿಕೊಟ್ಟಿದ್ದರು. ತಾತ ಹೇಳಿದ ಮಾತು ಮೀರುವವರಲ್ಲ. ಕಂಬಳಿಯ ಒಳಗಿನಿಂದ ತಮ್ಮ ಸ್ವಂತ ಬಲಗೈಯನ್ನು ತೆಗೆದು ಬಾಯಿಗೆ ಹಿಡಿದರು. ಅಷ್ಟಕ್ಕೇ ನಿಲ್ಲಿಸದೆ, ಎಡಗೈಯನ್ನೂ ತೆಗೆದು ಎದೆ ಒತ್ತಿಕೊಂಡರು.

ಪರದೆಯಲ್ಲಿ ನರ್ಸಮ್ಮ ಎಣಿಸುತ್ತಿರುವುದು ಕಾಣಿಸಿತು.

"ಅಜ್ಜಿ, ತಾತಂಗೆ ಎರಡು ಬಲಗೈಯಾ?"

ಅಜ್ಜಿಯ ಬಾಯಿಗೆ ಅದಕ್ಕೊಂದು ಉತ್ತರ ಬರುತ್ತಿತ್ತೋ ಏನೋ, ನಾನು ಕಾಯಲಿಲ್ಲ. ಕಂಬಳಿ ಕಿತ್ತೆಸೆದು ಹೊರಗೆ ಬಂದೆ. ಕೂದಲೆಲ್ಲ ಕೆದರಿ, ಮೂಗು ಸೋರುತ್ತಾ, ಒಂದೇ ಉಸಿರಿಗೆ ಎಲ್ಲವನ್ನೂ ಕಕ್ಕಿದೆ. ಕೇಕು, ಚಾಕು, ರೇಷನ್ ಅಂಗಡಿ, ಕುಳ್ಳಯ್ಯ, ಎಂಬತ್ತೊಂದು, ಎಂಬತ್ತಾರು, ಅರ್ಧ ಮುದ್ದೆ. "ತಾತಂಗೆ ಏನಾರ ಆದ್ರೆ ನಾನೇ ಕಾರಣ ಸಿಸ್ಟರ್!" ಎಂದು ಕೊನೆಗೆ ಬಿಕ್ಕಿದೆ.

ನರ್ಸಮ್ಮ ಬೈಯುತ್ತಾರೆ ಅಂದುಕೊಂಡಿದ್ದೆ. ಬೈದರು ಕೂಡ.

"ನಾಕು ದಿನ! ಏನಜ್ಜಿ ನೀವು? ನನ್ ಕೆಮ್ಮು ಕೇಳಿ ಪಸಂದಾಗದೆ ಅಂತೀರಿ, ಪಕ್ಕದಲ್ಲಿರೋ ಗಂಡನ ಉಸಿರು ಮುಚ್ಚಿಡ್ತೀರಾ? ನಾನೇನು ಅಕ್ಕಿ ಕೊಡಕ್ಕೆ ಕೂತಿವ್ನಾ ಇಲ್ಲಿ?" ಅವರ ಮಾತಿನಲ್ಲಿ ಆಸ್ಪತ್ರೆ ಪೂರ್ತಿ ಮಾಯವಾಗಿ ನಾಗಮಂಗಲ ಒಂದೇ ಉಳಿದಿತ್ತು. ಆಮೇಲೆ ಏನೋ ಹೊಳೆದವರಂತೆ ತಟ್ಟನೆ ನಿಲ್ಲಿಸಿದರು. "ಇರಿ. ತಾತಂದು ಯಾವ ಬೆರಳಿಗೆ ಹಾಕುದ್ರಿ?"

"ಹೆಬ್ಬೆಟ್ಟಿಗೆ," ಎಂದೆ.

"ಪ್ರತಿ ಸಲವೂ?"

"ಪ್ರತಿ ಸಲವೂ."

"ಬೇರೆ ಒಂಬತ್ತು ಬೆರಳು ಏನ್ ಮಾಡ್ತಿದ್ವು?"

ನಾನು ಅಜ್ಜಿಯನ್ನು ನೋಡಿದೆ. ಅಜ್ಜಿ ತಾತನನ್ನು ನೋಡಿದಳು. ತಾತ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ, ಒಂಬತ್ತು ಬೆರಳುಗಳನ್ನು ಮೊದಲ ಸಲ ನೋಡುತ್ತಿರುವವರಂತೆ ನೋಡಿದರು.

"ಬ್ಯಾರೆ ಬೆಟ್ಟು ಸರ್ಕಾರಕ್ಕೆ ನಡೀತದಾ ತಾಯಿ?" ಎಂದರು.

"ಇದು ನಿಮ್ಮ ಗುರುತಿಗಲ್ಲ ತಾತ. ಬೆರಳಿನಲ್ಲಿ ಓಡೋ ರಕ್ತ ನೋಡಕ್ಕೆ. ಜಡ್ಡು ಕಟ್ಟಿರೋ ಬೆರಳಿಗೆ, ಕ್ಲಿಪ್ಪು ಸರಿಯಾಗಿ ಕೂರದೆ ಇದ್ರೆ, ಕೈ ತಣ್ಣಗಿದ್ರೆ ಸರಿ ತೋರ್ಸಲ್ಲ. ಅರ್ಪಿತ, ಬಿಸಿನೀರಲ್ಲಿ ತಾತನ ಕೈ ಅದ್ದಿ, ಒರ್ಸಿ, ಉಜ್ಜು. ಬಲಗೈ ನಡುಬೆರಳಿಗೆ ಹಾಕು. ಫೋನು ನೆಟ್ಟಗಿಡು. ಒಂದು ನಿಮಿಷ ಯಾರೂ ಮಾತಾಡಂಗಿಲ್ಲ. ಅಜ್ಜಿ, ನಿಮಗೇ ಹೇಳಿದ್ದು."

ನಡುಬೆರಳಿಗೆ ಕ್ಲಿಪ್ಪು ಗಪ್ಪನೆ ಕೂತಿತು. ಮೊಸಳೆ ಬಾಯಿ ಮುಚ್ಚಿತು. ಎರಡು ಗೀಟು ಬಂತು. ಅಜ್ಜಿ ತಾಳಿ ಹಿಡಿದುಕೊಂಡಿದ್ದಳು. ತೊಂಬತ್ತು. ತೊಂಬತ್ತೊಂದು. ಆ ಕಡೆ ಕುಕ್ಕರ್ ಒಂದು ಸಲ ಕೂಗಿತು, ನರ್ಸಮ್ಮ ಕಣ್ಣು ಕೂಡ ಅಲುಗಿಸಲಿಲ್ಲ. ತೊಂಬತ್ತಮೂರು. ಮತ್ತೆ ತೊಂಬತ್ತೆರಡು. ತೊಂಬತ್ತಮೂರು. ತೊಂಬತ್ತನಾಲ್ಕು.

ಅಲ್ಲೇ ನಿಂತಿತು. ನಾವೆಲ್ಲ ಇನ್ನೊಂದು ನಿಮಿಷ ಕಾದೆವು. ಅಲ್ಲೇ ಇತ್ತು.

"ತೊಂಬತ್ತನಾಲ್ಕು," ಎಂದರು ನರ್ಸಮ್ಮ. ಅವರೂ ಉಸಿರು ಬಿಟ್ಟರು. "ನಿಮ್ಮಜ್ಜಿ ಹೇಳಿದಷ್ಟು ಚೆನ್ನಾಗಿಲ್ಲ, ನೀನು ಹೆದರಿದಷ್ಟು ಕೆಟ್ಟದಾಗಿಲ್ಲ. ನಾನು ಡಾಕ್ಟ್ರನ್ನ ಕೇಳಿ ಹತ್ತು ನಿಮಿಷದಲ್ಲಿ ಮಾಡ್ತೀನಿ. ತಾತ, ಮುದ್ದೆ ಯಾಕೆ ಬಿಟ್ರಿ?"

ತಾತ ಅಜ್ಜಿಯ ಕಡೆ ಓರೆನೋಟ ಬೀರಿ ತಲೆ ತಗ್ಗಿಸಿದರು.

"ನಾಲ್ಗೆಗೆ ರುಚೀನೇ ಅತ್ತಾಕಿಲ್ಲ ತಾಯಿ. ಉಪ್ಸಾರೋ ಬಿಸ್ನೀರೋ ಒಂದೂ ಗೊತ್ತಾಗ್ನಿಲ್ಲ. ಯೋಳುದ್ರೆ ಗದ್ದೆ ಮನೇಲಿ ಸೊಸೆ ಬೇಜಾರು ಮಾಡ್ಕತಾಳೆ. ಈಗ್ಲೇ ಇವ್ಳು ದಿನಾ ಉಪ್ಪು ಕಮ್ಮಿ ಅಂತ ಕೂಗ್ತಾವ್ಳೆ."

ಅಜ್ಜಿ ಕಣ್ಣು ಪಿಳುಕಿಸಿದಳು. ಉಪ್ಪು ಕಮ್ಮಿ ಅಂತ ನಾಲ್ಕು ದಿನದಿಂದ ಕೂಗುತ್ತಿದ್ದವಳಿಗೆ ತನ್ನ ನಾಲಿಗೆಯ ಬಗ್ಗೆ ಆಗ ಅನುಮಾನ ಬಂದಿರಬೇಕು.

ಹತ್ತು ನಿಮಿಷ ಅಂದವರು ಎಂಟೇ ನಿಮಿಷಕ್ಕೆ ಫೋನ್ ಮಾಡಿದರು. ಡಾಕ್ಟರು ಹೇಳಿದ್ದು: ಸದ್ಯಕ್ಕೆ ಮನೆಯಲ್ಲೇ ಇರಬಹುದು. ಬೀಡಿ ಮುಟ್ಟಬಾರದು. ಆಗಾಗ ಬೋರಲು ಮಲಗಬೇಕು. ನಾಲ್ಕು ಗಂಟೆಗೊಂದು ಸಲ ನಡುಬೆರಳಿಗೆ ಕ್ಲಿಪ್ಪು ಹಾಕಿ ಫೋಟೋ ಕಳಿಸಬೇಕು, ಫೋಟೋದಲ್ಲಿ ಮುಖವೂ ಇರಬೇಕು. ಉಸಿರು ಕಟ್ಟಿದರೆ, ಇಲ್ಲವೇ ತೊಂಬತ್ತಮೂರಕ್ಕಿಂತ ಕೆಳಗೆ ನಿಂತರೆ, ಆಸ್ಪತ್ರೆ. ಅದಕ್ಕೆ ಎರಡನೇ ಮಾತಿಲ್ಲ.

ಆ ಕೊನೆಯ ಮಾತಿಗೆ ಅಜ್ಜಿ ಫೋನನ್ನು ನನ್ನ ಕೈಗೆ ಕೊಟ್ಟು ಎದ್ದು ನಿಂತಳು.

"ಅಜ್ಜಿ, ಕೂತ್ಕಳಿ," ಎಂದರು ನರ್ಸಮ್ಮ. "ಕುಳ್ಳಯ್ಯ ಅವ್ರದ್ದು ಅರ್ಪಿತ ಹೇಳುದ್ಲು. ಕೇಳಿ ಇಲ್ಲಿ. ತಾತನ್ನ ಕರ್ಕಂಡೋಗೋ ಅಂಗಾದ್ರೆ ಯಾವ ಆಸ್ಪತ್ರೆ, ಯಾವ ವಾರ್ಡು, ಎಷ್ಟನೇ ಹಾಸಿಗೆ, ಎಲ್ಲ ನಾನೇ ಫೋನ್ ಮಾಡಿ ಹೇಳ್ತೀನಿ. ಗಾಡಿ ಹತ್ತೋ ಮುಂಚೆ."

"ಬ್ಯಾರೆ ಆಸ್ಪತ್ರೆಗೆ ಸಾಗಾಕ್ಬುಟ್ರೆ?"

"ಅಲ್ಲಿನ ಹಾಸಿಗೆ ನಂಬ್ರೂ ಹೇಳ್ತೀನಿ. ತಾತನ ಜೇಬಲ್ಲಿ ನಿಮ್ಮ ನಂಬ್ರು ಬರ್ದಿಡಿ. ದಿನಾ ಬೆಳಿಗ್ಗೆ ಸಂಜೆ, ಈಗ ಎಂಗೆ ಮಾಡ್ತಿದ್ದೀನೋ ಅಂಗೇ ಮಾಡ್ತೀನಿ."

ಅಜ್ಜಿ ಹೋಗಿ ತಾತನ ಕಂಬಳಿ ಸರಿಮಾಡಿದಳು. ಆಮೇಲೆ ಬಂದು ಫೋನಿನ ಪರದೆಗೆ ತನ್ನ ಬಲಗೈ ಹೆಬ್ಬೆಟ್ಟನ್ನು ಒತ್ತಿ ಹಿಡಿದಳು. ನರ್ಸಮ್ಮನ ಮುಖದ ಮೇಲೆಯೇ.

"ತಗ. ಒತ್ತಿವ್ನಿ. ಕಮ್ಮಿ ಆದ್ರೆ ಕರ್ಕಂಡೋಗು."

ಆ ಒತ್ತಿಗೆ ಕಾಲ್ ಕಟ್ಟಾಯಿತು. ನಾನು ಮತ್ತೆ ಮಾಡಿ ಅಜ್ಜಿ ಒಪ್ಪಿದಳು ಅಂತ ಹೇಳಬೇಕಾಯಿತು.

ತಾತ ಬೋರಲು ಮಲಗಿದರು. "ಇಂಗ್ ಮಲಗುದ್ರೆ ಒಟ್ಟೇಲಿರೋ ಅರ್ಧ ಮುದ್ದೆ ಎತ್ಲಾಗೋಯ್ತದೆ?" ಎಂದು ಗೊಣಗಿದರು. ಅಜ್ಜಿ ಅವರ ಬೆನ್ನು ನೀವುತ್ತಾ ಕೂತಳು. ನಾನು ಸೀಮೆಎಣ್ಣೆ ಹಚ್ಚಿ ಉಗುರಿನ ಬಣ್ಣ ಕೆರೆದು ಕೆರೆದು ತೆಗೆದೆ. ಹೋಗಲೊಲ್ಲದು, ದರಿದ್ರದ್ದು! ಚೈತ್ರಳಿಗೆ "ಯೋಳ್ಬುಟ್ಟೆ" ಅಂತ ಮೆಸೇಜ್ ಹಾಕಿದೆ. "ಆಂಬುಲೆನ್ಸಾ??" ಅಂತ ಬಂತು. "ನಡುಬೆರಳು" ಅಂತ ಕಳಿಸಿದೆ. ಅವಳಿಂದ ಹದಿನೇಳು ಪ್ರಶ್ನೆ ಚಿಹ್ನೆ ಬಂತು.

ಏಳು ಗಂಟೆಗೆ ತಾತನ ನಡುಬೆರಳಿಗೆ ತೊಂಬತ್ತೈದು. ಕ್ಯಾರಿಯರ್ ತೆಗೆದರೆ ಮತ್ತೆ ಉಪ್ಸಾರು. ತಾತ ರುಚಿಯಿಲ್ಲದಿದ್ದರೂ ಮುಕ್ಕಾಲು ಮುದ್ದೆ ನುಂಗಿದರು. ಫೋಟೋ ಕಳಿಸಿದೆ. ತಕ್ಷಣ ನರ್ಸಮ್ಮನ ಫೋನು.

"ಚೆನ್ನಾಗದೆ. ಅಜ್ಜಿ, ಇನ್ನೊಂದು ವಿಷಯ. ನಂದು ಇವತ್ತಿಗೆ ಏಳು ದಿನ ಮುಗೀತು. ಜ್ವರ ಹೋಗಿ ನಾಕು ದಿನ ಆಯ್ತು. ನಾಳೆಯಿಂದ ಡ್ಯೂಟಿ. ನಿಮ್ಮೂರ್ ಕಡೆ ಗಾಡಿಗೆ ನನ್ನೇ ಹಾಕವ್ರೆ. ಬೆಳಿಗ್ಗೆ ಹತ್ತು ಗಂಟೆಗೆ ಬತ್ತೀನಿ. ಅಂಗಳದಲ್ಲೇ ನಿಂತ್ಕಂಡು ನೋಡ್ತೀನಿ. ಮೂರು ಜನ, ಮೂವತ್ತು ಬೆರಳು. ಒಂದೂ ಕಂಬಳಿ ಒಳಗೆ ಇರಂಗಿಲ್ಲ."

ತಾತ ಬೋರಲು ಮಲಗಿದ್ದಲ್ಲಿಂದಲೇ ಎರಡೂ ಕೈ ಎತ್ತಿ ತೋರಿಸಿದರು.

ಅಜ್ಜಿ ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದಳು. "ನಿನ್ ಹತ್ತೂ ಜೊತೇಲಿ ತಗಂಬಾ. ನಾವೂ ಕ್ಲಿಪ್ಪ ಆಕಿ ನೋಡ್ಬೇಕು. ಹತ್ತಕ್ಕೆ ತಾನೆ?"

"ಹತ್ತಕ್ಕೇ, ಅಜ್ಜಿ."

"ಕಷಾಯ ಕಾಸ್ ಮಡಗಿರ್ತೀನಿ. ತಡ ಮಾಡ್ಬ್ಯಾಡ, ಆರೋಯ್ತದೆ."